ಕಟ್ಟೆ ನೀರು, ಕೂಳೆ ಕಬ್ಬು ಮತ್ತು ಬೆಲ್‌ಮನ್ ಸಮೀಕರಣ

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯ ತಾಲ್ಲೂಕು. ಬಿಎ ಮಾಡಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಮೈಸೂರಿನಲ್ಲಿ ಎಂಎ ಅರ್ಥಶಾಸ್ತ್ರ, ಮೊದಲ ವರ್ಷ. ದಿನಾ ರೈಲಿನಲ್ಲಿ ಓಡಾಟ. ಬಿಎನಲ್ಲಿ ಬಡ್ಡಿದರ, ರಾಷ್ಟ್ರೀಯ ವರಮಾನ ಎರಡನ್ನೂ ಒಟ್ಟಿಗೆ ತೋರಿಸುವ ಐಎಸ್-ಎಲ್ಎಂ ಚಿತ್ರ ಬರೆದು ಒಳ್ಳೆಯ ಅಂಕ ತೆಗೆಯುತ್ತಿದ್ದೆ. ಇಲ್ಲಿ ಮ್ಯಾಕ್ರೋ ತರಗತಿಯಲ್ಲಿ ರಾಮ್ಸೆ ಮಾದರಿ, ಆಯ್ಲರ್ ಸಮೀಕರಣ, ಬೆಲ್‌ಮನ್ ಸಮೀಕರಣ ಅಂತ ಬೋರ್ಡ್ ತುಂಬ ಗಣಿತ. ಬಾಯಿಪಾಠ ಮಾಡುತ್ತಿದ್ದೇನೆ. ‘ಒಬ್ಬನೇ ಪ್ರತಿನಿಧಿ ಗ್ರಾಹಕ, ಅವನು ಅನಂತ ಕಾಲ ಬದುಕುತ್ತಾನೆ’ ಎಂದು ನೋಟ್ಸ್‌ನಲ್ಲಿ ಬರೆಯುವಾಗ ನಗು ಬರುತ್ತದೆ. ನಮ್ಮಪ್ಪ ಕಬ್ಬು ಬೆಳೆಯುತ್ತಾರೆ. ‘ಅದೇನ್ಲಾ ಓದ್ತಿದ್ದೀಯ?’ ಅಂದರೆ ಹೇಳಲು ಬರುವುದಿಲ್ಲ. ಇದನ್ನು ಹೇಗೆ ಓದಬೇಕು? ಪಿಎಚ್‌ಡಿ ಆಸೆ ಇಟ್ಟುಕೊಳ್ಳಬಹುದಾ?

ಉತ್ತರ: ಬಾಯಿಪಾಠದ ವಿಷಯದಲ್ಲಿ ನಾನು ನಿಮಗಿಂತ ಹಳೆಯ ಅಪರಾಧಿ. ಎಂಎ ವೈವಾದಲ್ಲಿ ರಾಮ್ಸೆ ಮಾದರಿಯ, ಅಂದರೆ ಇವತ್ತು ಎಷ್ಟು ತಿನ್ನುವುದು, ನಾಳೆಗೆ ಎಷ್ಟು ಉಳಿಸುವುದು ಎಂಬ ಲೆಕ್ಕದ, ಚಿತ್ರ ಬರೆಯಲು ಹೇಳಿದರು. ಎರಡು ಗೆರೆ, ನಾಲ್ಕು ಭಾಗ, ಭಾಗಕ್ಕೆರಡು ಬಾಣ, ಎಲ್ಲ ಚೆನ್ನಾಗಿಯೇ ಬರೆದೆ. ಪರೀಕ್ಷಕರು ಮೇಲಿನ ಒಂದು ಬಾಣದ ಮೇಲೆ ಬೆರಳಿಟ್ಟು ‘ಇದು ಯಾಕಮ್ಮ ಎಡಕ್ಕೆ ಹೋಗ್ತಿದೆ?’ ಅಂದರು. ‘ಪುಸ್ತಕದಲ್ಲಿ ಹಾಗೇ ಇದೆ ಸರ್’ ಅಂದೆ. ಅವರು ನಗಲೂ ಇಲ್ಲ, ಅದು ಇನ್ನೂ ನೋವಾಯಿತು.

ಆ ಬಾಣದ ಗುಟ್ಟು ಇಷ್ಟೇ. ಅಡ್ಡ ಗೆರೆಯಲ್ಲಿ ಬಂಡವಾಳ ಇದೆ, ನೇರ ಗೆರೆಯಲ್ಲಿ ಅನುಭೋಗ. ಮೇಲೆ ಇದ್ದೀರಿ ಅಂದರೆ ತಿನ್ನುವುದು ಜಾಸ್ತಿ, ಸವೆದ ಬಂಡವಾಳವನ್ನು ತುಂಬುವಷ್ಟೂ ಉಳಿಯುತ್ತಿಲ್ಲ. ಹಾಗಾಗಿ ಬಂಡವಾಳ ಕರಗುತ್ತದೆ. ಅದಕ್ಕೇ ಎಡಕ್ಕೆ. ಬಿತ್ತನೆ ಬೀಜವನ್ನೇ ಬೇಯಿಸಿ ತಿಂದ ಮನೆಯ ಕಥೆ ಅದು. ಇದನ್ನು ನಿಮ್ಮಪ್ಪನಿಗೆ ಒಂದು ನಿಮಿಷದಲ್ಲಿ ಹೇಳಬಹುದು ಅಲ್ವಾ?

ನಿಮ್ಮ ನಿಜವಾದ ಕಷ್ಟ ಗಣಿತ ಅಲ್ಲ ಅಂತ ನನಗನಿಸುತ್ತದೆ. ಬಿಎ ಮ್ಯಾಕ್ರೋಗೂ ಎಂಎ ಮ್ಯಾಕ್ರೋಗೂ ಹೆಸರು ಒಂದೇ ಆದರೂ ಕೇಳುವ ಪ್ರಶ್ನೆ ಬೇರೆ. ಅದನ್ನು ಯಾರೂ ಮೊದಲ ದಿನ ಬಾಯಿಬಿಟ್ಟು ಹೇಳುವುದಿಲ್ಲ. ಬಿಎನಲ್ಲಿ ದೇಶದ ಒಟ್ಟು ಅನುಭೋಗ, ಒಟ್ಟು ಹೂಡಿಕೆ, ಬಡ್ಡಿದರ ಇವುಗಳ ನಡುವಿನ ಸಂಬಂಧ ಕಲಿಯುತ್ತೀರಿ. ಎಂಎಯಲ್ಲಿ ಆ ಸಂಬಂಧ ಯಾಕೆ ಹುಟ್ಟಿತು, ಯಾವಾಗ ಮುರಿಯುತ್ತದೆ ಎಂದು ಕೇಳುತ್ತಾರೆ. ಉತ್ತರಕ್ಕಾಗಿ ಮನೆಯೊಳಗೆ ಹೋಗಬೇಕು. ಇವತ್ತು ಖರ್ಚು ಮಾಡುವುದೋ, ನಾಳೆಗೆ ಇಡುವುದೋ ಎಂದು ಯೋಚಿಸುವ ಮನುಷ್ಯನನ್ನು ಹಿಡಿಯಬೇಕು.

ಈ ತಿರುವಿಗೆ ದೊಡ್ಡ ಕಾರಣ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಾಸ್ 1976ರಲ್ಲಿ ಎತ್ತಿದ ತಕರಾರು. ನಿಮ್ಮ ಸಿಲೆಬಸ್‌ನಲ್ಲಿ ಅದು ‘ಲ್ಯೂಕಾಸ್ ಕ್ರಿಟೀಕ್’ ಎಂಬ ಐದು ಅಂಕದ ಪ್ರಶ್ನೆಯಾಗಿ ಇರುತ್ತದೆ. ಅದನ್ನು ನಾನು ವಿ.ಸಿ. ನಾಲೆ ಮೇಲೆ ನಿಲ್ಲಿಸಿ ಹೇಳುತ್ತೇನೆ.

ಆಗಸ್ಟ್ ಹೊತ್ತಿಗೆ ಕನ್ನಂಬಾಡಿ ಕಟ್ಟೆಯಲ್ಲಿ ಇಷ್ಟು ಅಡಿ ನೀರಿದ್ದರೆ ಮಂಡ್ಯದಲ್ಲಿ ಇಷ್ಟು ಎಕರೆ ಭತ್ತ ನಾಟಿಯಾಗುತ್ತದೆ ಎಂದು ಹಳೆಯ ಅಂಕಿ ಅಂಶ ಇಟ್ಟುಕೊಂಡು ಯಾರೋ ಲೆಕ್ಕ ಹಾಕಿದರು ಎನ್ನಿ. ಲೆಕ್ಕ ಚೆನ್ನಾಗಿ ಕೂತಿತು. ಆಮೇಲೆ ನೀರು ಬಿಡುವ ನಿಯಮವೇ ಬದಲಾಯಿತು. ಸತತ ಹರಿಸುವ ಬದಲು ಕಟ್ಟು ಪದ್ಧತಿ ಬಂತು, ಕೆಲವು ದಿನ ನೀರು, ಕೆಲವು ದಿನ ಬಂದ್. ಕಟ್ಟೆ ಮಟ್ಟ ಹಳೆಯದೇ ಇದ್ದರೂ ನಾಲೆಯ ಕೊನೇ ಭಾಗದ ರೈತ ಭತ್ತ ಬಿಟ್ಟು ರಾಗಿಗೆ ಹೋಗುತ್ತಾನೆ. ಲೆಕ್ಕ ಕೈಕೊಟ್ಟಿತು. ಯಾಕೆಂದರೆ ರೈತ ನೋಡುತ್ತಿದ್ದುದು ಬರೀ ಮಟ್ಟವನ್ನಲ್ಲ, ಮುಂದೆ ನೀರು ಬಿಡುವ ಕ್ರಮವನ್ನು ಕೂಡ. ನಿಯಮ ಬದಲಾದರೆ ನಡವಳಿಕೆ ಬದಲಾಗುತ್ತದೆ. ಹಳೆಯ ನಿಯಮದ ಕೆಳಗೆ ಅಳೆದ ಸಂಬಂಧದಿಂದ ಹೊಸ ನಿಯಮದ ಫಲ ಹೇಳಲಾಗದು. ಲ್ಯೂಕಾಸ್ ಇದನ್ನು ಹೇಳಿದ್ದು ಅಮೆರಿಕದ ಹಣದುಬ್ಬರ, ನಿರುದ್ಯೋಗದ ಅಂದಾಜುಗಳ ಬಗ್ಗೆ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂದು ನಂಬಿ ಕೂತವರಿಗೆ 1970ರ ದಶಕದಲ್ಲಿ ಎರಡೂ ಒಟ್ಟಿಗೆ ಏರಿ ತೋರಿಸಿದವು.

ಹಾಗಾದರೆ ಏನನ್ನು ನಂಬುವುದು? ನಿಯಮ ಬದಲಾದರೂ ಬದಲಾಗದಿರುವುದನ್ನು. ರೈತನಿಗೆ ಎಷ್ಟು ಆತುರ, ಎಷ್ಟು ಭಯ, ಅವನ ನೆಲ ಎಷ್ಟು ಕೊಡುತ್ತದೆ, ಇವು. ಬೋರ್ಡ್ ಮೇಲಿನ ಬೀಟಾ, ಆಲ್ಫಾ ಎಲ್ಲ ಇವೇ. ಇದಿಷ್ಟು ಹೇಳಿದ ಮಾತ್ರಕ್ಕೆ ಐಎಸ್-ಎಲ್ಎಂ ಕಸ ಅಂದುಕೊಳ್ಳಬೇಡಿ. ಬಜೆಟ್ ದಿನ ನಾನು ಇವತ್ತಿಗೂ ಮೊದಲು ತಲೆಯಲ್ಲಿ ಬರೆಯುವುದು ಆ ಎರಡು ಗೆರೆಗಳನ್ನೇ. ಮುಂದಿನ ಸೆಮಿಸ್ಟರ್‌ನಲ್ಲಿ ನ್ಯೂ ಕೇನ್ಸಿಯನ್ ಮಾದರಿ (ಬೆಲೆಗಳು ತಕ್ಷಣ ಬದಲಾಗುವುದಿಲ್ಲ ಎಂದು ಊಹಿಸುವ ಮಾದರಿ) ಬಂದಾಗ ನೋಡಿ, ನಿಮ್ಮ ಹಳೆಯ ಐಎಸ್ ಗೆರೆ ಆಯ್ಲರ್ ಸಮೀಕರಣದ ವೇಷ ಹಾಕಿಕೊಂಡು ವಾಪಸ್ ಬರುತ್ತದೆ.

ಇನ್ನು ಓದುವ ದಾರಿ. ಅನಂತ ಕಾಲಕ್ಕೆ ಹಾರಬೇಡಿ. ಎರಡು ವರ್ಷದ ಮಾದರಿಯಲ್ಲಿ ಒಂದು ವಾರ ಕೂತುಬಿಡಿ. ಪೂರ್ತಿ ಒಂದು ವಾರ.

ಒಂದು ಮನೆಗೆ ಈ ವರ್ಷ ಕಬ್ಬಿನ ಬಾಬ್ತು 1,95,000 ರೂಪಾಯಿ ಬಂತು. ಮುಂದಿನ ವರ್ಷ ಏನೂ ಬರುವುದಿಲ್ಲ. ಉಪಯುಕ್ತತೆ, ಅಂದರೆ ಖರ್ಚಿನಿಂದ ಸಿಗುವ ಸುಖದ ಅಳತೆ, ಲಾಗ್ ರೂಪದ್ದು. ಬೀಟಾ 0.95, ಅಂದರೆ ನಾಳಿನ ಸುಖಕ್ಕೆ ಇವತ್ತಿನ ಸುಖಕ್ಕಿಂತ ಸ್ವಲ್ಪ ಕಡಿಮೆ ಬೆಲೆ. ಬಡ್ಡಿ ಶೇ. 10. ಲೆಕ್ಕ ಮಾಡಿದರೆ ಈ ವರ್ಷದ ಖರ್ಚು 1,95,000ವನ್ನು 1.95ರಿಂದ ಭಾಗಿಸಿದಷ್ಟು, ಅಂದರೆ ಸರಿಯಾಗಿ ಒಂದು ಲಕ್ಷ. ಉಳಿದ 95,000 ಬಡ್ಡಿ ಸೇರಿ ಮುಂದಿನ ವರ್ಷ 1,04,500 ಆಗುತ್ತದೆ. ಎರಡೂ ವರ್ಷದ ಖರ್ಚಿನ ಅನುಪಾತ 1.045. ಅದು 0.95ನ್ನು 1.10ರಿಂದ ಗುಣಿಸಿದಷ್ಟೇ. ಇದೇ ಆಯ್ಲರ್ ಸಮೀಕರಣ. ಇವತ್ತಿನ ಕೊನೆಯ ರೂಪಾಯಿ ಕೊಡುವ ಸುಖ, ಅದೇ ರೂಪಾಯಿ ಬಡ್ಡಿ ಸಮೇತ ನಾಳೆ ಕೊಡುವ ಸುಖವನ್ನು ಬೀಟಾದಿಂದ ತಗ್ಗಿಸಿದಷ್ಟಕ್ಕೆ ಸಮ. ಸಮ ಇಲ್ಲದಿದ್ದರೆ ಒಂದು ರೂಪಾಯಿಯನ್ನು ಆಚೆ ಈಚೆ ಸರಿಸಿ ಮನೆ ಇನ್ನೂ ಚೆನ್ನಾಗಿ ಇರಬಹುದಿತ್ತು.

ಈಗ ಬಡ್ಡಿ ಶೇ. 20 ಮಾಡಿ. ಈ ವರ್ಷದ ಖರ್ಚು ಎಷ್ಟಾಯಿತು? ಅದೇ ಒಂದು ಲಕ್ಷ! ಬಡ್ಡಿ ಏರಿದರೆ ಉಳಿತಾಯ ಏರುತ್ತದೆ ಅಂತ ಬಿಎನಲ್ಲಿ ಬರೆದಿದ್ದೆವಲ್ಲ, ಅದೆಲ್ಲಿ ಹೋಯಿತು? ಬಡ್ಡಿ ಏರಿದಾಗ ಉಳಿಸಿದರೆ ಲಾಭ ಜಾಸ್ತಿ, ಅದು ಒಂದು ಕಡೆ ಎಳೆಯುತ್ತದೆ. ಕಡಿಮೆ ಉಳಿಸಿದರೂ ನಾಳೆಗೆ ಸಾಕಾಗುತ್ತದೆ, ಅದು ಇನ್ನೊಂದು ಕಡೆ ಎಳೆಯುತ್ತದೆ. ಲಾಗ್ ರೂಪದಲ್ಲಿ ಎರಡೂ ಸರಿಸಮ. ಮುಂದಿನ ವರ್ಷವೂ ಸ್ವಲ್ಪ ವರಮಾನ ಬರುತ್ತದೆ ಎಂದು ಸೇರಿಸಿ ನೋಡಿ. ಆಗ ಬಡ್ಡಿ ಏರಿದರೆ ಈ ವರ್ಷದ ಖರ್ಚು ಇಳಿಯುತ್ತದೆ. ಯಾಕೆ ಅಂತ ನಾನು ಹೇಳುವುದಿಲ್ಲ, ನಾಳೆ ಬರುವ ಹಣದ ಇವತ್ತಿನ ಬೆಲೆ ಏನಾಯಿತು ಅಂತ ಯೋಚಿಸಿ. ಈ ಒಂದು ಪುಟದ ಲೆಕ್ಕವನ್ನು ನಾಲ್ಕು ರೀತಿ ಕೆದಕಿದವರಿಗೆ ರಾಮ್ಸೆ ಅಧ್ಯಾಯದ ಅರ್ಧ ಬಂದಂತೆಯೇ.

ಬೆಲ್‌ಮನ್‌ಗೆ ನಾನು ಯಾವಾಗಲೂ ಕಟ್ಟೆಗೇ ಹೋಗುತ್ತೇನೆ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ತುಂಬಿದಾಗ ಸುಮಾರು 49.45 ಟಿಎಂಸಿ. ಮಂಡ್ಯದಲ್ಲಿ ಬೆಳಗ್ಗೆ ಪೇಪರ್ ಬಿಚ್ಚಿದರೆ ಮೊದಲು ನೋಡುವುದು ಇವತ್ತಿನ ಮಟ್ಟ, ಒಳಹರಿವು, ಹೊರಹರಿವು. ಗೊತ್ತಿಲ್ಲದೆಯೇ ನೀವು ಚಿಕ್ಕಂದಿನಿಂದ ಸ್ಟೇಟ್ ವೇರಿಯೇಬಲ್, ಶಾಕ್, ಕಂಟ್ರೋಲ್ ವೇರಿಯೇಬಲ್ ಓದುತ್ತಾ ಬಂದಿದ್ದೀರಿ. ಮಟ್ಟವೇ ಸ್ಟೇಟ್. ಕಳೆದ ಜುಲೈನಲ್ಲಿ ಕೊಡಗಿನಲ್ಲಿ ಎಷ್ಟು ಮಳೆಯಾಯಿತು, ಹೋದ ವಾರ ಎಷ್ಟು ಬಿಟ್ಟರು ಎಂಬ ಚರಿತ್ರೆಯೆಲ್ಲ ಆ ಒಂದು ಸಂಖ್ಯೆಯಲ್ಲಿ ಅಡಗಿದೆ. ನಾಳೆಯ ಒಳಹರಿವು ಇವತ್ತಿನದನ್ನು ನೋಡಿ ಊಹಿಸುವಂತಿದ್ದರೆ ಅದನ್ನೂ ಸ್ಟೇಟ್‌ಗೆ ಸೇರಿಸಬೇಕು. ನಾಲೆಗೆ ಎಷ್ಟು ಬಿಡುವುದು ಎಂಬುದು ಕಂಟ್ರೋಲ್, ಅದು ನಮ್ಮ ಕೈಲಿದೆ. ಮಳೆ ನಮ್ಮ ಕೈಲಿಲ್ಲ, ಅದು ಶಾಕ್.

ಈಗ ಒಂದು ಪ್ರಶ್ನೆ. ಕಟ್ಟೆಯಲ್ಲಿ 100 ಅಡಿ ನೀರಿದೆ. ಅದರ ಬೆಲೆ ಎಷ್ಟು? ಇವತ್ತಿನಿಂದ ಮುಂದಕ್ಕೆ ಒಂದು ದಿನವೂ ತಪ್ಪದೆ ಜಾಣತನದಿಂದ ಬಿಟ್ಟರೆ ಒಟ್ಟು ಎಷ್ಟು ಲಾಭವೋ ಅಷ್ಟು. ಅದೇ ವ್ಯಾಲ್ಯೂ ಫಂಕ್ಷನ್. ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ಹೇಳಿದ್ದು ಇಷ್ಟು: ಇವತ್ತಿನ ನೀರಿನ ಬೆಲೆ ಅಂದರೆ ಇವತ್ತು ಬಿಟ್ಟ ನೀರಿನ ಲಾಭ, ಜೊತೆಗೆ ನಾಳೆಗೆ ಉಳಿದ ನೀರಿನ ಬೆಲೆಯ ಸರಾಸರಿ ಅಂದಾಜನ್ನು ಬೀಟಾದಿಂದ ತಗ್ಗಿಸಿ ಕೂಡಿದ್ದು. ಇವೆರಡರ ಮೊತ್ತ ಅತಿ ಹೆಚ್ಚಾಗುವಂತೆ ಇವತ್ತು ಬಿಡಬೇಕು. ಮುಂದಿನ ನೂರು ವರ್ಷದ ಯೋಜನೆ ಒಂದೇ ಸಲ ಬರೆಯಬೇಕಿಲ್ಲ. ಇವತ್ತು ಮತ್ತು ನಾಳೆ, ಎರಡೇ. ಮೇಲಿನ ಎರಡು ವರ್ಷದ ಲೆಕ್ಕವೇ ಮತ್ತೆ ಬಂತು, ಕಂಡಿರಾ?

ಇದೇ ಕಟ್ಟೆಯಲ್ಲಿ ಇನ್ನೆರಡು ಭಯಂಕರ ಹೆಸರುಗಳನ್ನೂ ಮುಗಿಸಿಬಿಡೋಣ. ಎನ್ವಲಪ್ ಪ್ರಮೇಯ: ಒಂದಿಷ್ಟು ನೀರು ಹೆಚ್ಚಿಗೆ ಬಂದರೆ ಅದನ್ನು ಇವತ್ತೇ ಬಿಟ್ಟರೂ ನಾಳೆಗಿಟ್ಟರೂ ಲಾಭ ಒಂದೇ, ಏಕೆಂದರೆ ನೀವು ಆಗಲೇ ಸರಿಯಾದ ಜಾಗದಲ್ಲಿದ್ದೀರಿ. ಟ್ರಾನ್ಸ್‌ವರ್ಸಾಲಿಟಿ ಷರತ್ತು: ಬೆಳೆ ಒಣಗುತ್ತಿರುವಾಗ ಕಟ್ಟೆಯನ್ನು ಕೊನೆಯವರೆಗೂ ತುಂಬಿಸಿಟ್ಟುಕೊಂಡು ಕೂರುವುದು ದಡ್ಡತನ. ಪುಸ್ತಕದಲ್ಲಿ ಇದು ಒಂದು ಲಿಮಿಟ್ ಸೊನ್ನೆಗೆ ಸಮ ಎಂದು ಇರುತ್ತದೆ. ಅಂದಹಾಗೆ, ಈ ಕಟ್ಟೆಯ ಕೆಲಸ ಶುರುವಾದಾಗ ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರೇ 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಎಂದು ಪುಸ್ತಕ ಬರೆದರು. ಕಟ್ಟೆಯಿಂದ ಮ್ಯಾಕ್ರೋಗೆ ದಾರಿ ನಾನು ಕಂಡುಹಿಡಿದದ್ದೇನಲ್ಲ.

ನಿಮ್ಮ ನಗುವಿನ ವಿಷಯಕ್ಕೆ ಬರೋಣ. ಅನಂತ ಕಾಲ ಬದುಕುವ ಮನುಷ್ಯ. ಫ್ರಾಂಕ್ ರಾಮ್ಸೆ ಈ ಲೆಕ್ಕ ಬರೆದದ್ದು 1928ರಲ್ಲಿ, ಆಗ ಅವರಿಗೆ ಇನ್ನೂ 25. ಎರಡು ವರ್ಷ ಕಳೆಯುವುದರೊಳಗೆ ತೀರಿಕೊಂಡರು. ಒಂದು ದೇಶ ಎಷ್ಟು ಉಳಿಸಬೇಕು ಎಂಬುದು ಅವರ ಪ್ರಶ್ನೆ. ಮುಂದಿನವರ ಸುಖಕ್ಕೆ ಕಡಿಮೆ ಬೆಲೆ ಕಟ್ಟುವುದೇ ಅನ್ಯಾಯ ಎಂದು ಅವರ ನಿಲುವು, ಹಾಗಾಗಿ ಅವರ ಲೆಕ್ಕದಲ್ಲಿ ಸುಖಕ್ಕೆ ಬೀಟಾದ ಕಡಿತವೇ ಇಲ್ಲ. ಡೇವಿಡ್ ಕಾಸ್ ಮತ್ತು ಕೂಪ್‌ಮನ್ಸ್ 1965ರಲ್ಲಿ ಬೀಟಾ ಸೇರಿಸಿ ಇವತ್ತು ನೀವು ಓದುವ ರೂಪಕ್ಕೆ ತಂದರು. ಆ ಅನಂತ ಮನುಷ್ಯನನ್ನು ಮನೆತನ ಎಂದು ಓದಿಕೊಳ್ಳಿ. ಅಜ್ಜ ನೆಟ್ಟ ತೆಂಗಿನಲ್ಲಿ ಮೊಮ್ಮಗ ಎಳನೀರು ಕೀಳುತ್ತಾನೆ. ಮಗನ ಸುಖ ಅಪ್ಪನ ಲೆಕ್ಕದಲ್ಲಿ, ಮೊಮ್ಮಗನದು ಮಗನ ಲೆಕ್ಕದಲ್ಲಿ. ಕೊಂಡಿ ಹಾಕುತ್ತಾ ಹೋದರೆ ಕೊನೆಯಿಲ್ಲ.

‘ಒಬ್ಬನೇ ಪ್ರತಿನಿಧಿ’ ಎಂಬುದನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ. ಅದು ಅನುಕೂಲಕ್ಕೆ ಮಾಡಿಕೊಂಡದ್ದು, ಅದರ ಬೆಲೆ ದೊಡ್ಡದು. ಮೇಲಿನ ಆಯ್ಲರ್ ಸಮೀಕರಣ ನಿಮ್ಮ ಮನೆಗೆ ಕೂತೀತಾ ನೋಡಿ. ಕಬ್ಬು ಕಡಿದು ಕಳಿಸಿ ಆಯಿತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಆದರೂ ಬಾಕಿ ನಿಲ್ಲುವುದು ಮಂಡ್ಯದವರಿಗೆ ನಾನು ಹೇಳಬೇಕೇ? ಹಣ ಬರುವುದು ಖಾತ್ರಿ ಇದ್ದರೆ ಅದನ್ನು ತೋರಿಸಿ ಇವತ್ತೇ ಸಾಲ ತಂದು ಖರ್ಚು ಮಾಡಬಹುದು ಎಂದು ಸಮೀಕರಣ ಹೇಳುತ್ತದೆ. ಸಾಲ ಸಿಗದಿದ್ದರೆ? ಆಗ ಸಮ ಚಿಹ್ನೆ ಹೋಗಿ ಅಸಮ ಚಿಹ್ನೆ ಬರುತ್ತದೆ. ಇವತ್ತಿನ ಕೊನೆಯ ರೂಪಾಯಿಯ ಸುಖ ನಾಳಿನದಕ್ಕಿಂತ ದೊಡ್ಡದಾಗಿಯೇ ಉಳಿಯುತ್ತದೆ, ಸರಿಮಾಡುವ ದಾರಿ ಇಲ್ಲ. ಕೈಗೆ ಬಂದಷ್ಟೇ ಖರ್ಚು. ಈ ಒಂದು ಚಿಹ್ನೆ ಬದಲಾದರೆ ಇಡೀ ದೇಶದ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ಕೇಳಿದ್ದೇ ಅಯ್ಯಗಾರಿಯವರ 1994ರ ಪ್ರಬಂಧದಂಥ ಕೆಲಸ. ಅಲ್ಲಿ ಒಬ್ಬ ಪ್ರತಿನಿಧಿ ಇಲ್ಲ, ಬೇರೆ ಬೇರೆ ಅದೃಷ್ಟದ ಲೆಕ್ಕವಿಲ್ಲದಷ್ಟು ಮನೆಗಳಿವೆ. ಸಾಲದ ಮಿತಿಗೆ ಹೆದರಿ ಎಲ್ಲರೂ ಸ್ವಲ್ಪ ಜಾಸ್ತಿಯೇ ಕೂಡಿಡುತ್ತಾರೆ.

ಅದೇ 1994ರಲ್ಲಿ ರಾಬರ್ಟ್ ಟೌನ್ಸೆಂಡ್ ಭಾರತದ ಹಳ್ಳಿಗಳ ಬಗ್ಗೆಯೇ ಬರೆದರು. ಒಣ ಪ್ರದೇಶದ ಕೃಷಿ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆಯವರು 1975ರಿಂದ ಮನೆ ಮನೆಯ ವರಮಾನ, ಖರ್ಚು ಬರೆದಿಟ್ಟಿದ್ದ ಹಳ್ಳಿಗಳು ಅವು. ಔರೇಪಲ್ಲಿ ಈಗಿನ ತೆಲಂಗಾಣದಲ್ಲಿ, ಶಿರಾಪುರ ಮತ್ತು ಕಂಜರ ಮಹಾರಾಷ್ಟ್ರದಲ್ಲಿ. ಒಬ್ಬನ ಬೆಳೆ ಹೋದರೆ ಅವನ ಊಟ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದಾ ಅಥವಾ ಊರು ಕೈಹಿಡಿಯುತ್ತದಾ? ಮನೆಯ ಖರ್ಚು ತನ್ನ ವರಮಾನಕ್ಕಿಂತ ಊರಿನ ಸರಾಸರಿ ಜೊತೆ ಜಾಸ್ತಿ ಓಲಾಡುತ್ತದೆ, ಆದರೆ ಪೂರ್ತಿ ರಕ್ಷಣೆ ಇಲ್ಲ ಎಂದು ಕಂಡಿತು. ಬೋರ್ಡ್ ಮೇಲೆ ‘ಕಂಪ್ಲೀಟ್ ಮಾರ್ಕೆಟ್ಸ್’ (ಪ್ರತಿ ಅಪಾಯಕ್ಕೂ ರಕ್ಷಣೆ ಸಿಗುವ ಮಾರುಕಟ್ಟೆ) ಎಂದು ಬರೆದದ್ದನ್ನು ಜೋಳದ ಹೊಲದಲ್ಲಿ ಪರೀಕ್ಷೆ ಮಾಡಿದ ಹಾಗೆ. ನೀವು ಓದುವ ಗಣಿತಕ್ಕೂ ನಿಮ್ಮ ಊರಿಗೂ ನಡುವೆ ಇರುವ ಸೇತುವೆ ಇಂಥದ್ದು. ನಗು ಬಂದರೆ ನಗಿ. ಆದರೆ ಯಾವ ಸಾಲಿನಲ್ಲಿ ನಗು ಬಂತು ಎಂದು ಪಕ್ಕದಲ್ಲಿ ಗುರುತು ಹಾಕಿಡಿ. ಆ ಊಹೆ ತೆಗೆದರೆ ಏನಾಗುತ್ತದೆ ಎಂಬುದು ಮುಂದೆ ನಿಮ್ಮ ಪಿಎಚ್‌ಡಿ ವಿಷಯವಾಗಬಹುದು.

ಗಣಿತ ಎಷ್ಟು ಬೇಕು? ನೀವು ಹೆದರಿದಷ್ಟಲ್ಲ. ಲಗ್ರಾಂಜ್ ವಿಧಾನ, ವ್ಯತ್ಯಾಸ ಸಮೀಕರಣಗಳು, ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯ, ಸ್ವಲ್ಪ ಸಂಭವನೀಯತೆ, ಟೇಲರ್ ವಿಸ್ತರಣೆಯ ಮೊದಲ ಪದ. ಐಗನ್ ಮೌಲ್ಯ ಯಾಕೆ ಬೇಕು ಅಂದರೆ ಸ್ಯಾಡಲ್ ದಾರಿ ಹುಡುಕಲು. ಗದ್ದೆ ಬದುವಿನ ಮೇಲೆ ನಡೆದಿದ್ದೀರಲ್ಲ? ಬದು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೂ ಕೆಸರು, ಈಚೆ ಇಟ್ಟರೂ ಕೆಸರು. ಮನೆ ತಲುಪುವುದು ಬದು ಒಂದೇ. ಅಂಥ ಬದು ಇದೆಯೇ ಎಂದು ಐಗನ್ ಮೌಲ್ಯ ಹೇಳುತ್ತದೆ, ಅದು ಯಾವ ದಿಕ್ಕಿಗೆ ಎಂದು ಅದರ ಜೊತೆಯ ಐಗನ್ ವೆಕ್ಟರ್.

ಭಾಷೆಯ ಮಾತು. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ, ನಾಚಿಕೆ ಬೇಡ. ಆದರೆ ಕನ್ನಡ ಪದ ಒಮ್ಮೊಮ್ಮೆ ಮೋಸ ಮಾಡುತ್ತದೆ. ‘ನಿರೀಕ್ಷೆ’ ಅಂದರೆ ನಮಗೆ ಆಸೆಯ ವಾಸನೆ ಬರುತ್ತದೆ. ಮ್ಯಾಕ್ರೋದ ಎಕ್ಸ್‌ಪೆಕ್ಟೇಷನ್‌ನಲ್ಲಿ ಆಸೆ ಇಲ್ಲ, ಅದು ಲೆಕ್ಕದ ಸರಾಸರಿ. ‘ವಿವೇಕಯುತ ನಿರೀಕ್ಷೆ’ ಎಂದು ನೋಟ್ಸ್‌ನಲ್ಲಿ ಓದಿ, ಜನ ಬಹಳ ಬುದ್ಧಿವಂತರು ಎಂದು ಅರ್ಥ ಮಾಡಿಕೊಂಡವರನ್ನು ನೋಡಿದ್ದೇನೆ. ಜನರ ಊಹೆ ಪದೇ ಪದೇ ಒಂದೇ ದಿಕ್ಕಿಗೆ ತಪ್ಪುವುದಿಲ್ಲ, ಅಷ್ಟೇ ಅದರ ಅರ್ಥ. ಒಂದೊಂದು ಸಲ ತಪ್ಪಬಹುದು, ಭಾರೀ ತಪ್ಪಬಹುದು.

ರೈಲಿನಲ್ಲಿ ಸಮೀಕರಣ ಬಿಡಿಸಲು ಹೋಗಬೇಡಿ, ಸುಮ್ನೆ ತಲೆನೋವು. ಅಲ್ಲಿ ಪ್ರಬಂಧಗಳ ಮೊದಲ ಎರಡು ಪುಟ ಮಾತ್ರ ಓದಿ. ಲೆಕ್ಕ ಮೇಜಿನ ಮೇಲೆ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ. ವಾರಕ್ಕೊಂದು ಸಂಜೆ ಗೆಳೆಯನ ಜೊತೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ. ಒಂದು ಸುತ್ತಿನಲ್ಲಿ ಒಂದು ಮಾದರಿಯನ್ನು ಕಾಗದ ಇಲ್ಲದೆ ಬಾಯಲ್ಲಿ ಹೇಳಬೇಕು. ಎಲ್ಲಿ ತೊದಲುತ್ತೀರೋ ಅಲ್ಲಿ ನಿಮಗೆ ಬಂದಿಲ್ಲ. ಆಮೇಲೆ ಕಂಪ್ಯೂಟರ್. ಪೈಥಾನ್ ಪುಕ್ಕಟೆ. ಥಾಮಸ್ ಸಾರ್ಜೆಂಟ್ ಮತ್ತು ಜಾನ್ ಸ್ಟಾಚುರ್ಸ್ಕಿ ನಡೆಸುವ ಕ್ವಾಂಟ್‌ಇಕಾನ್ ಪಾಠಗಳೂ ಪುಕ್ಕಟೆ. ವ್ಯಾಲ್ಯೂ ಫಂಕ್ಷನ್‌ಗೆ ಎಲ್ಲ ಕಡೆ ಸೊನ್ನೆ ಎಂದು ಊಹಿಸಿ ಶುರುಮಾಡಿದರೂ ಬೆಲ್‌ಮನ್ ಸಮೀಕರಣವನ್ನು ಮತ್ತೆ ಮತ್ತೆ ಹಾಕುತ್ತಾ ಹೋದರೆ ಅದು ತಾನಾಗಿ ಸರಿಯಾದ ಉತ್ತರಕ್ಕೆ ಬಂದು ನಿಲ್ಲುತ್ತದೆ. ನಾನು ಮೊದಲ ಸಲ ಮಾಡಿದಾಗ ರಾತ್ರಿಯಿಡೀ ನಿಲ್ಲಲೇ ಇಲ್ಲ. ಬೆಳಗ್ಗೆ ನೋಡಿದರೆ ಬೀಟಾ 0.95 ಬದಲು 1.05 ಹೊಡೆದಿದ್ದೆ. ನಾಳೆಗೆ ಇವತ್ತಿಗಿಂತ ಬೆಲೆ ಜಾಸ್ತಿ ಅಂದರೆ ಮೊತ್ತಕ್ಕೆ ಕೊನೆ ಎಲ್ಲಿ? ಬೀಟಾ ಒಂದಕ್ಕಿಂತ ಕಡಿಮೆ ಯಾಕಿರಬೇಕು ಎಂದು ಯಾವ ಪ್ರಮೇಯವೂ ಅಷ್ಟು ಚೆನ್ನಾಗಿ ನನಗೆ ಕಲಿಸಲಿಲ್ಲ.

ಪಿಎಚ್‌ಡಿ ಆಸೆ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್) ಇದೆ, ಮುಂಬೈನಲ್ಲಿ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಇದೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇದೆ. ಗಣಿತದ ಮ್ಯಾಕ್ರೋ ಬೇಕಾದರೆ ಕೊನೆಯ ಎರಡು, ಹಳ್ಳಿ, ಕೃಷಿ, ನೀತಿಯ ಕಡೆ ಮನಸ್ಸಿದ್ದರೆ ಐಸೆಕ್. ಇದು ನನ್ನ ಅಭಿಪ್ರಾಯ, ಅಲ್ಲಿನವರು ಒಪ್ಪಲಿಕ್ಕಿಲ್ಲ. ಕನ್ನಡ ಮಾಧ್ಯಮ ಅಡ್ಡಿ ಆಗುವುದಿಲ್ಲ. ಬಾಯಿಪಾಠ ಅಡ್ಡಿ ಆಗುತ್ತದೆ. ಪುಸ್ತಕಕ್ಕೆ ಡೇವಿಡ್ ರೋಮರ್ ಅವರದು ಸಾಕು. ಹಳೆಯ ಮುದ್ರಣ ಸೆಕೆಂಡ್ ಹ್ಯಾಂಡ್ ಸಿಕ್ಕರೂ ತಗೊಳ್ಳಿ, ಸೋಲೋ ಬೆಳವಣಿಗೆ ಮಾದರಿ ಮತ್ತು ರಾಮ್ಸೆ ಎರಡೂ ಮೊದಲ ಎರಡು ಅಧ್ಯಾಯದಲ್ಲೇ ಇವೆ.

ಈ ಭಾನುವಾರಕ್ಕೆ ಒಂದು ಕೆಲಸ ಕೊಡುತ್ತೇನೆ. ಗದ್ದೆಯಲ್ಲಿ ಕೂಳೆ ಕಬ್ಬು, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ, ಇದೆಯಾ? ಇನ್ನೊಂದು ವರ್ಷ ಕೂಳೆ ಬಿಡುವುದೋ, ಕಿತ್ತು ಹೊಸದಾಗಿ ನಾಟಿ ಮಾಡುವುದೋ ಎಂದು ಅಪ್ಪ ಹೇಗೆ ನಿರ್ಧಾರ ಮಾಡುತ್ತಾರೆ ಕೇಳಿ. ಕೂಳೆಗೆ ಬಿತ್ತನೆ ಖರ್ಚಿಲ್ಲ, ಆದರೆ ವರ್ಷ ವರ್ಷ ಇಳುವರಿ ಇಳಿಯುತ್ತದೆ. ಕಿತ್ತರೆ ಈಗ ಖರ್ಚು, ಮುಂದೆ ಇಳುವರಿ. ಕೂಳೆಯ ವಯಸ್ಸೇ ಸ್ಟೇಟ್. ಬಿಡುವುದು, ಕೀಳುವುದು ಕಂಟ್ರೋಲ್. ಬೆಲ್‌ಮನ್ ಸಮೀಕರಣ ಎರಡು ಸಾಲಿನಲ್ಲಿ ಬರುತ್ತದೆ, ದೊಡ್ಡದನ್ನು ಆರಿಸಿಕೊಳ್ಳಬೇಕು. ಎಷ್ಟನೇ ಕೂಳೆಗೆ ಕೀಳಬೇಕು ಎಂದು ನಿಮ್ಮ ಲೆಕ್ಕ ಹೇಳುತ್ತದೋ ಬರೆದುಕೊಂಡು, ಆಮೇಲೆ ಅಪ್ಪನ ಉತ್ತರದ ಪಕ್ಕದಲ್ಲಿಡಿ. ಎರಡೂ ಬೇರೆ ಬಂದರೆ ನಿಮ್ಮ ಲೆಕ್ಕದಲ್ಲಿ ಯಾವ ಖರ್ಚು ಬಿಟ್ಟುಹೋಗಿದೆ ಅಂತ ಅವರನ್ನೇ ಕೇಳಿ.